ಅಕ್ಷರಕ್ಕೆ ಹನ್ನೆರಡು ರೂಪಾಯಿ

ಬೋರ್ಡು ಬರೆಯಲು ಕರೆದರು, ಹೋದೆ.
ಪಿ.ಬಿ. ರಸ್ತೆ, ಬಾತಿ ದಾಟಿ, ವೇಬ್ರಿಡ್ಜಿನ ಹಿಂದಣ ಬಯಲು.
ಮಂಡಕ್ಕಿ ಭಟ್ಟಿಯ ಬೂದಿ ಹೊದ್ದು
ಆರು ಊರುಗೋಲು ಊರಿ ನಿಂತಿತ್ತು
ಹಡಗು.

‘ದೋಣಿ ಅಂತ ಬರಿ’ ಅಂದರು ಬಕ್ಕೇಶಪ್ಪ,
‘ಹಡಗು ಅಂದರೆ ದಾವಣಗೆರೇಲಿ ಯಾರು ನಂಬ್ತಾರೆ.’
ಒಂದಕ್ಷರ ಉಳಿಯಿತು ಅವರಿಗೆ.

ಗೋವಾದಿಂದ ಚೆನ್ನೈಗೆ ಹೊರಟ ಮಾಲು.
ಹರಿಹರದ ಸೇತುವೆ ದಾಟುವಾಗ
ಬಾಡಿಗೆ ಕೊಡಬೇಕಾದವನ ಫೋನು ಸತ್ತುಹೋಯಿತು.
ಎರಡು ಮಳೆಗಾಲ ಕಾದರು.
ಲಾರಿ, ಕ್ರೇನು, ಡ್ರೈವರಿನ ಊಟ, ಎಲ್ಲ ಕೂಡಿಸಿ ಕಳೆದರೆ
ಅವರ ಪಾಲಿಗೆ ಉಳಿದ ಸಮುದ್ರ ಇಷ್ಟು.

ಅವರು ಹೇಳುತ್ತ ಹೋದರು, ನಾನು ಸೀಮೆಸುಣ್ಣದಲ್ಲಿ ಗೀಚುತ್ತ:
ಉದ್ದ ಮೂವತ್ನಾಲ್ಕು ಅಡಿ. ಐದು ಜನ ಮಲಗಬಹುದು.
ಡೀಸೆಲ್ ಎಂಜಿನು, ಓಡಿದ್ದು ಬರೀ ಒಂಬೈನೂರು ಗಂಟೆ.
ಲಂಗರು ಎರಡು, ಸರಪಳಿ ಅರವತ್ತು ಮೀಟರು.
ಹಾಯಿ ಮೂರು. ಮೂರನೆಯದು ಬಿರುಗಾಳಿಗೆಂದೇ,
ಕಿತ್ತಳೆ ಬಣ್ಣ, ಪುಟ್ಟದು, ಮಡಿಕೆ ಸಹ ಬಿಚ್ಚಿಲ್ಲ.
ಒಲೆ: ಹಡಗು ಎತ್ತ ವಾಲಿದರೂ
ಚಹಾ ಚೆಲ್ಲದ ಹಾಗೆ ತೂಗುವ ಒಲೆ
(ಇದನ್ನು ಎರಡು ಸಲ ಹೇಳಿದರು).
ಆಳ ಅಳೆಯುವ ಯಂತ್ರ.
ಕೀಲಿ ತಿರುಗಿಸಿ ತೋರಿಸಿದರು, ಮೂರು ಅಡ್ಡಗೆರೆ ಬಂತು.
ಕೆಳಗೆ ಕಪ್ಪು ಮಣ್ಣು, ಜಾಲಿಮುಳ್ಳು, ಒಂದು ಸತ್ತ ಟೈರು.
ಯಂತ್ರ ಸುಳ್ಳು ಹೇಳಲಿಲ್ಲ.
ದಿಕ್ಸೂಚಿಯೂ ಅಷ್ಟೇ, ಎಣ್ಣೆಯಲ್ಲಿ ತೇಲುತ್ತ
ಹರಪನಹಳ್ಳಿ ಕಡೆ ಮುಖ ಮಾಡಿ ಕೂತಿತ್ತು.

‘ಎಲ್ಲ ಬರೆದರೆ ಎಷ್ಟಾಗ್ತದೋ ಮಾಳೋಜಿ?’
ಎಣಿಸಿ ಹೇಳಿದೆ. ಒತ್ತಕ್ಷರಕ್ಕೆ ಬೇರೆ ದುಡ್ಡಿಲ್ಲ ಅಂದೆ.
ಸುಮ್ಮನಿದ್ದು, ‘ಸುಸಜ್ಜಿತ ಅಂತ ಬರಿ, ಸಾಕು.’
ನಾಲ್ಕಕ್ಷರದೊಳಗೆ ಮಡಿಚಿ ಇಟ್ಟರು
ಅರವತ್ತು ಮೀಟರು ಸರಪಳಿಯನ್ನು.

ಹೆಸರು ನೋಡಲು ಹಿಂಬದಿಗೆ ಹೋದೆ.
ಯಾರೋ ಕೆರೆದಿದ್ದರು, ಪೂರ್ತಿ ಹೋಗಿರಲಿಲ್ಲ.
ಉಗುರಾಡಿಸಿದರೆ ನೀಲಿಯ ಕೆಳಗೆ ಇನ್ನೊಂದು ಹೆಸರು,
ಅದರ ಕೆಳಗೆ ಮತ್ತೊಂದು, ನನಗೆ ಬಾರದ ಲಿಪಿ.
ಲಿಪಿ ಬಾರದಿದ್ದರೇನು, ಕುಂಚ ಗೊತ್ತಾಗ್ತದೆ:
ಬಾಲ ಎಳೆವಾಗ ಉಸಿರು ಹಿಡಿದವ,
ಕೊನೆಗೆ ಬಣ್ಣ ಸಾಲದೆ ತುಸು ಒತ್ತಿದವ.
ಯಾವುದೋ ಬಂದರಿನಲ್ಲಿ ಹಲಗೆ ಮೇಲೆ ಕೂತು,
ಕಾಲ ಕೆಳಗೆ ನೀರು,
ಅಕ್ಷರಕ್ಕಿಷ್ಟು ಅಂತ ಮೊದಲೇ ಮಾತಾಡಿಕೊಂಡವ.

ಗುಜರಿಯ ಬುಡನ್ ಸಾಬರು ಬಂದು
ಹೊಟ್ಟೆಯ ಕೆಳಗೆ ಬೆರಳು ಮಡಿಚಿ ಬಡಿದರು.
‘ಸೀಸ. ಎರಡು ಟನ್ನಿಗೆ ಮೋಸ ಇಲ್ಲ.
ಇಷ್ಟು ಕೊಡಿ, ಉಳಿದದ್ದು ನಿಮಗೇ ಇರಲಿ.’
ಬಕ್ಕೇಶಪ್ಪ ನನ್ನ ಮುಖ ನೋಡಿದರು,
ಬರೆಯೋನಿಗೆ ಎಲ್ಲ ಗೊತ್ತು ಅನ್ನೋ ಹಾಗೆ.
ನನಗೆ ಗೊತ್ತಿದ್ದದ್ದು ಒಂದೇ,
ಅದೂ ಆಗಷ್ಟೇ ತಿಳಿದದ್ದು:
ಆ ಭಾರ ಹೊತ್ತಿದ್ದಕ್ಕೇ ಅದು ಎಲ್ಲೂ ಮಗುಚಲಿಲ್ಲ.

ಮರುದಿನ ತೂಕ. ಕ್ರೇನು ಎತ್ತಿ ಕಾಟಾದ ಮೇಲಿಟ್ಟಿತು.
ಗಿರಾಕಿಗೆ ಕಾಣಲೆಂದು ಕಂಬವನ್ನೂ ನಿಲ್ಲಿಸಿದ್ದರು.
ಬೋರ್ಡಿಗೆ ಬಣ್ಣ ಹೊಂದಿಸಬೇಕು ಅಂತ ಸುಳ್ಳು ಹೇಳಿ
ಕಿತ್ತಳೆ ಹಾಯಿಯ ಮಡಿಕೆ ಬಿಚ್ಚಿದೆ,
ಹಗ್ಗ ಜಗ್ಗಿದೆ.
ಆಷಾಢದ ಗಾಳಿ, ಹರಿಹರದ ಕಡೆಯಿಂದ, ಅಡ್ಡವಿಲ್ಲದ ಗಾಳಿ,
ರಪ್ಪನೆ ತುಂಬಿತು.
ಊರುಗೋಲು ಕಿರುಗುಟ್ಟಿದವು,
ಬೂದಿ ಎದ್ದು ಎಲ್ಲರ ಕಣ್ಣಿಗೆ.
ಕಾಟಾ ಕೋಣೆಯ ಕಿಟಕಿಯಿಂದ ಮೆಹರಾಜ್ ಕೂಗಿದಳು:
‘ಆರು ಸಾವಿರದ ಇನ್ನೂರು... ನೂರ ಅರವತ್ತು...
ಅಲ್ಲ, ತೊಂಬತ್ತು... ಏ ಅಣ್ಣಾ,
ತೂಕ ನಿಲ್ತಾ ಇಲ್ಲ!’

ಇಳಿಸಿದೆ. ಅಂಕಿ ನಿಂತಿತು. ಚೀಟಿ ಬಂತು.

ಸಂಜೆ ಬೋರ್ಡು ಬರೆದೆ: ಸುಸಜ್ಜಿತ ಹಡಗು ಮಾರಾಟಕ್ಕಿದೆ.
ಹೌದು, ಹಡಗು. ಹನ್ನೆರಡು ರೂಪಾಯಿ ನನ್ನ ಕಡೆಯಿಂದ.
ಕೆಳಗೆ ಫೋನ್ ನಂಬರು.
ಇಪ್ಪತ್ತಾರು ವರ್ಷದಲ್ಲಿ ಒಂದಂಕಿ ತಪ್ಪಿದ ಕೈಯಲ್ಲ ಇದು,
ಒಂಬತ್ತು ಇರುವಲ್ಲಿ ಆರು ಬಿದ್ದಿದೆ.
ಬಕ್ಕೇಶಪ್ಪ ಇನ್ನೂ ನೋಡಿಲ್ಲ.