ತೊಂಬತ್ತು ದಿನದ ಚೌಕ

ಕೌಲ್ ಬಜಾರಿನ ಬ್ಯಾಂಕಿನಲ್ಲಿ
ಫ್ಯಾನಿನ ಗಾಳಿ ತಲುಪದ ಮೂಲೆಯ ಟೇಬಲ್ಲಿನಿಂದ
ಪೀರಾಂಬಿ ಮೇಡಂ ಕಾಗದವನ್ನು ನನ್ನ ಕಡೆ ತಿರುಗಿಸಿದರು.
ಆರುನೂರ ಹನ್ನೊಂದು.
ಎಷ್ಟಕ್ಕೆ ಮೇಡಂ?
ಒಂಬೈನೂರಕ್ಕೆ.
ನಮ್ಮ ಕಾಲದಲ್ಲಿ ಇಷ್ಟಕ್ಕೆ ಫಸ್ಟ್ ಕ್ಲಾಸು, ಪೇಡಾ ಹಂಚುತ್ತಿದ್ದರು.

ಕೆಳಗೆ ತಿಂಗಳಿಗೊಂದು ಚೌಕ.
ಜೂನ್ ಹಸಿರು. ಜುಲೈ ಮೂವತ್ತು, ಆಗಸ್ಟ್ ಅರವತ್ತು,
ಸೆಪ್ಟೆಂಬರಿಂದಾಚೆ ತೊಂಬತ್ತು, ತೊಂಬತ್ತರ ಮೇಲೆ, ಎಲ್ಲ ಕೆಂಪು.
ಹಡಗಿನಷ್ಟು ದೊಡ್ಡ ವಿಮಾನ ಹತ್ತುವ ವಾರ
ಕ್ಯಾಂಟೀನ್ ಬಾಗಿಲಲ್ಲಿ ಟೈ ಕಟ್ಟಿದ ಹುಡುಗ ಕೈಗಿಟ್ಟ ಕಾರ್ಡು
ಟ್ರಂಕಿನ ತಳದಲ್ಲಿ, ಬೂಟ್ ಪಾಲಿಶಿನ ಮಗ್ಗುಲಲ್ಲಿ
ಒಮ್ಮೆಯೂ ಉಜ್ಜಿಸಿಕೊಳ್ಳದೆ ಮಲಗಿತ್ತು.
ವರ್ಷದ ಫೀಸು ಐನೂರಾ ತೊಂಬತ್ತು.
ಅದು ಬಡ್ಡಿ ಹೆತ್ತು, ದಂಡ ಹೆತ್ತು
ಹನ್ನೊಂದು ಸಾವಿರದ ಸಂಸಾರವಾಗಿದೆ.
ಎಚ್ಚರಿಕೆಗಳೆಲ್ಲ ನನ್ನ ಸತ್ತ ಸಿಮ್ಮಿಗೆ.
ಆ ನಂಬರು ಈಗ ಸಿರುಗುಪ್ಪದ ಯಾವನೋ ಕೋಳಿ ಅಂಗಡಿಯವನದು;
ಪಾಪ, ಗಡಿಲಿಂಗಪ್ಪನ ಬೈಗುಳ ಎಷ್ಟು ತಿಂದನೋ.

ಜುಲೈ ಅಂದರೆ,
ಮಲಾಕಲ್ ಆಚೆ ರಸ್ತೆ ಕೊಚ್ಚಿಹೋಗಿ
ಎರಡು ಹಗಲು ಎರಡು ರಾತ್ರಿ ಗಾಡಿ ತಳ್ಳಿದ್ದು.
ಅಲ್ಲಿಯದೂ ಎರೆ ಮಣ್ಣೇ,
ಹಿಡಿದ ಬೂಟು ಬಿಡದ ನಮ್ಮದೇ ಜಾತಿ.
ಸೆಪ್ಟೆಂಬರ್ ಅಂದರೆ, ಗೇಟಿನ ಮುಂದೆ ಒಬ್ಬ ಮುದುಕಿ.
ರೇಷನ್ ಚೀಟಿ ಮಡಿಕೆ ಬಿಚ್ಚಿ ಹಿಡಿದಿದ್ದಳು.
ಪಟ್ಟಿಯಲ್ಲಿ ಅವಳ ಹೆಸರಿಗೆ ಗೀಟು ಬಿದ್ದಿತ್ತು.
ಯಾಕೆ ಅಂತ ನನಗೂ ಗೊತ್ತಿರಲಿಲ್ಲ.
ಅವಳು ಏನೋ ಹೇಳಿದಳು, ಬಹಳ ಹೊತ್ತು.
ನಾನು ಮುಂದಿನವರನ್ನು ಕರೆದೆ.

ಮೇಡಂಗೆ ಹೇಳಿದ್ದು ಇಷ್ಟೇ:
ಊರಲ್ಲಿರಲಿಲ್ಲರಿ.

"ಸೆಟಲ್ ಅಂತ ಮಾತ್ರ ಬರೆಸ್ಕೋಬ್ಯಾಡ್ರಿ ಹವಾಲ್ದಾರ್ರೇ,
ಅದೂ ಒಂದು ಕಲೆನೇ. ಕ್ಲೋಸ್ ಅಂತ ಬರೆಸ್ರಿ.
ಯೂನಿಟ್ಟಿಂದ ಪತ್ರ ತರಿಸ್ರಿ,
ಹೋದ ತಾರೀಖು, ಬಂದ ತಾರೀಖು, ದುಂಡು ಸೀಲು.
ಮೂವತ್ತು ದಿನ ಕಾಯ್ರಿ."
ಅಂದು, ನನ್ನ ಅರ್ಜಿಯ ಕಾಗುಣಿತ ತಾವೇ ತಿದ್ದಿದರು.

ಮನೆಯಲ್ಲಿ ಹುಲಿಗೆಮ್ಮ
ಸೊಟ್ಟ ಕೂತ ಜೇಬೊಂದನ್ನು ಬ್ಲೇಡಿನಿಂದ ಬಿಚ್ಚುತ್ತಿದ್ದಳು.
ಆರು ಮಷಿನ್ನಿನ ಸಾಲ ಅವಳ ಆಸೆ, ಹೆಸರು ನನ್ನದು.
"ದಾರ ಬರ್ತೈತೆ, ತೂತು ಉಳೀತೈತೆ," ಅಂದಳು.
ಆಮೇಲೆ ನಕ್ಕಳು:
ವಾಷಿಂಗ್ ಯೂನಿಟ್ಟಲ್ಲಿ ಹೊಸ ಪ್ಯಾಂಟಿನ ಮೊಣಕಾಲಿಗೆ
ಮರಳು ಕಾಗದ ಹಾಕಿ ತಿಕ್ಕಿ ತಿಕ್ಕಿ
ಹಳತು ಮಾಡಿ ಡೆಲ್ಲಿಗೆ ಕಳಿಸ್ತಾರೆ,
ಪೀಸಿಗೆ ನೂರಿಪ್ಪತ್ತು ಹೆಚ್ಚು.
"ನಿನ್ನ ಹೆಸರೂ ಆ ಲಾಟಿನಾಗೆ ಹಾಕಲೇನು?"

ನಲವತ್ತೊಂದನೆಯ ದಿನ ಹೊಸ ಕಾಗದ.
ಏಳುನೂರ ನಲವತ್ತೆರಡು.
ಡಿಸೆಂಬರ್ ಒಂದು ಕೆಂಪಾಗಿಯೇ ಉಳಿದಿದೆ.
ಆ ತಿಂಗಳು ರಜೆ ಮೇಲೆ ಬಂದು ಇಲ್ಲೇ ಇದ್ದೆ,
ಮಿರ್ಚಿ ಒಗ್ಗರಣೆ ತಿಂದುಕೊಂಡು.
ಅದನ್ನು ಒಪ್ಪಿಕೊಂಡೆ.
ಉಳಿದವು ಬಿಳಿ.
ಜುಲೈಯಲ್ಲಿ ಕೆಸರಿಲ್ಲ.
ಸೆಪ್ಟೆಂಬರಿನಲ್ಲಿ ಯಾರೂ ನಿಂತಿಲ್ಲ.

ಹಳೆಯ ಕಾಗದ ದಪ್ಪಗಿದೆ ಅಂತ ಹುಲಿಗೆಮ್ಮ
ಹಿಂಬದಿಗೆ ಜೇಬಿನ ಅಳತೆ ಬರೆದು ಕತ್ತರಿಸಿದಳು.
ಬಟ್ಟೆಯ ಮೇಲಿಟ್ಟು ಸುತ್ತ ಚಾಕು ಸೀಮೆಸುಣ್ಣ ಎಳೆಯುವಾಗ
ಕೆಂಪು ಚೌಕ ಮೇಲೆ ಬಂತು.
ಹಿಡ್ಕೋ ಅಂದಳು, ಸರೀತೈತೆ.
ಸೆಪ್ಟೆಂಬರಿನ ಮೇಲೆ ಹೆಬ್ಬೆರಳಿಟ್ಟು
ಅವಳು ಗೆರೆ ಮುಗಿಸುವವರೆಗೂ ಹಿಡಿದುಕೊಂಡೆ.