ನಲವತ್ತು ಸೆಕೆಂಡು

ಲಿಂಕನ್‌ಶೈರಿನ ತಗ್ಗುಬಯಲು. ಕಡಲಿಗಿಂತ ಒಂದು ಗೇಣು ಕೆಳಗೆ
ಮಲಗಿದ ಎಲೆಕೋಸಿನ ಹೊಲ,
ಅಳತೆಪಟ್ಟಿ ಇಟ್ಟು ಗೀಚಿದಂಥ ಕಾಲುವೆ,
ರೈಲುಹಳಿಯ ಪಕ್ಕ ಗೇಟಿನ ಮನೆ.
ಅಲ್ಲಿ ಥರ್ಜಾ ಪಿಂಚ್‌ಬೆಕ್‌ಗೆ ಸುತ್ತೋಲೆ ಬಂತು:
ಇನ್ನು ಮುಂದೆ ನಿಲ್ದಾಣಗಳಲ್ಲಿ ಡ್ವೆಲ್ ಟೈಮ್
ನಲವತ್ತು ಸೆಕೆಂಡು ಮೀರಕೂಡದು.

ಡ್ವೆಲ್?
ಅವಳು ಬಲ್ಲ ಡ್ವೆಲ್ ಭಾನುವಾರದ್ದು,
ಚಾಪೆಲಿನ ಗಟ್ಟಿ ಬೆಂಚಿನದ್ದು.
ಪಾದ್ರಿ ಎರಡೂ ಕೈ ಎತ್ತಿ
ಅನಂತಕಾಲದಷ್ಟು ಎಳೆದು ಹೇಳುತ್ತಿದ್ದ ಪದ.
ಅನಂತಕ್ಕೂ ನಲವತ್ತು ಸೆಕೆಂಡಿಗೂ
ಒಂದೇ ಮಾತು ಹೇಗಾದೀತು?

ಕಿಟಕಿಗೆ ಒತ್ತು ಕೊಟ್ಟಿದ್ದ ದಪ್ಪ ನಿಘಂಟು ತೆಗೆದಳು.
ಕಿಟಕಿ ಬಡಿಯತೊಡಗಿತು.

ಪದದ ಬುಡ ಅಗೆದರೆ ನೀರು.
ಮನೆಯಲ್ಲ, ಒಲೆಯಲ್ಲ, ವಾಸವಲ್ಲ.
ದಾರಿ ತಪ್ಪಿಸು. ಮರುಳು ಮಾಡು.
ಸುಳ್ಳು ದೇವರುಗಳಿಗೂ ಒಮ್ಮೆ
ಇದೇ ಬೇರಿನ ಹೆಸರಿತ್ತಂತೆ.
ಆಮೇಲೆ, ತಡೆ. ತಡಮಾಡು.
ಉತ್ತರದ ಕಡಲಾಚೆಯವರು ದೋಣಿಯಲ್ಲಿ ತಂದ
ದಾಯಾದಿ ಪದವೊಂದು ಬೆರೆತು, ನಿಂತುಬಿಡು.
ಎಷ್ಟೋ ಹೊತ್ತು ನಿಂತವನು ಕಡೆಗೆ ಕೂತ,
ಕೂತವನು ಮೇಲೊಂದು ಸೂರು ಹೊದಿಸಿದ.

ನನ್ನ ಭಾಷೆಯಲ್ಲಿ ನೆಲೆಸು ಅಂದರೆ
ಕಾಲಿಗೆ ನೆಲ ಸಿಗುತ್ತದೆ.
ಇದರಡಿ ಬರೀ ಜೌಗು.
ಜೌಗಿನ ಮೇಲೆ ತೇಲುವ ಕೊಳ್ಳಿದೆವ್ವದ ದೀಪ.

ಥರ್ಜಾ ನಿಘಂಟು ಮುಚ್ಚಲಿಲ್ಲ.
ಅರವತ್ತಮೂರರಲ್ಲಿ ಕಿವಿ ಬಿಸಿಯಾಯಿತು.

ಮೂವತ್ತನಾಲ್ಕು ವರ್ಷದ ಹಿಂದೆ, ನವೆಂಬರು,
ಚಾಚಿದ ಕೈ ತನಗೇ ಕಾಣದಂಥ ಮಂಜು.
ಗೇಟಿನಾಚೆ ಒಂದು ವ್ಯಾನು,
ತುಂಬ ಹಯಸಿಂತಿನ ಗೆಡ್ಡೆಗಳ ಕ್ರೇಟು,
ಸ್ಪಾಲ್ಡಿಂಗಿಗೆ ಹೊರಟ ಹಾಲೆಂಡಿನ ವೀಬೆ.
ಏಳೂ ಹತ್ತರ ರೈಲು ದಾಟಿಯಾಗಿತ್ತು.
ಗೇಟು ತೆಗೆಯಬಹುದಿತ್ತು.
ಗಾಜಿಳಿಸಿ ಅವನು, ಇನ್ನೆಷ್ಟು ಹೊತ್ತು, ಅಂದ.
ಆ ದನಿಯಲ್ಲಿ ಏನಿತ್ತೋ,
ಇನ್ನೊಂದು ಗೂಡ್ಸ್ ಬರಬೇಕು, ಅಂದುಬಿಟ್ಟಳು.
ಯಾವ ಗೂಡ್ಸೂ ಇರಲಿಲ್ಲ.

ಟೀ ಆಯಿತು. ಟೀ ಮುಗಿದು ಸೂಪಾಯಿತು.
ಎಂಟೂಮುಕ್ಕಾಲಿಗೆ ಅವನೇ ಎದ್ದು
ಹಳಿಗೆ ಕಿವಿಗೊಟ್ಟು ಬಂದ.
ಮಂಜು, ಅಂದ.
ಹೌದು, ಮಂಜು, ಅಂದಳು.
ಬೆಳಗಾಗುವಾಗ ವ್ಯಾನಿನ ಬ್ಯಾಟರಿ ಸತ್ತಿತ್ತು.
ಅದರಲ್ಲಿ ಮಾತ್ರ ಅವಳ ಕೈವಾಡವಿಲ್ಲ.

ಆ ಗೆಡ್ಡೆಗಳು ಈಗಲೂ ಏಪ್ರಿಲಿನಲ್ಲಿ
ಹಳಿಯುದ್ದಕ್ಕೂ ನೀಲಿ,
ಯಾವ ಕಂಪನಿಗೂ ಲೆಕ್ಕ ಒಪ್ಪಿಸದೆ.

ನಿಘಂಟು ಹೇಳಿತು: ಆ ಕ್ರಿಯಾಪದ ಆಗ ಸಕರ್ಮಕ.
ಒಬ್ಬರು ಇನ್ನೊಬ್ಬರಿಗೆ ಮಾಡುತ್ತಿದ್ದ ಕೆಲಸ.
ನಮ್ಮ ಪ್ರತ್ಯಯ ಹಚ್ಚಿದರೆ, ಡ್ವೆಲ್ಲಿಸುವುದು.
ಈಗ ಅಕರ್ಮಕ. ಯಾರೂ ಯಾರನ್ನೂ ಏನೂ ಮಾಡದೆ
ಸುಮ್ಮನೆ ಇದ್ದುಬಿಡುವುದು.
ಹಾಗಾದರೆ ಆ ಕರ್ಮ ಎಲ್ಲಿ ಹೋಯಿತು?
ಅಡುಗೆಮನೆಯಲ್ಲಿ ಕೂತು
ಆಲೂಗಡ್ಡೆ ಸುಲಿಯುತ್ತಿದೆ.

ಅವಳು ಬಾಗಿಲಲ್ಲಿ ನಿಂತಳು,
ನಲವತ್ತು ಸೆಕೆಂಡು, ಇಲ್ಲ, ಅದಕ್ಕಿಂತ ಜಾಸ್ತಿ.
ಆವತ್ತು ಗೂಡ್ಸ್ ಇರಲಿಲ್ಲ, ವೀಬೆ.

ಅವನು ತಲೆಯೆತ್ತಲಿಲ್ಲ. ಸಿಪ್ಪೆ
ಸುರುಳಿ ಸುರುಳಿಯಾಗಿ ಇಳಿಯುತ್ತಿತ್ತು.
ಅದು ಕಡಿಯಬಾರದೆನ್ನುವುದು ಅವನ ಹಳೇ ಹಟ.
ತಡವಾಗಿದೆ ಅಷ್ಟೆ, ಅಂದ.
ಬರುತ್ತೆ. ನನಗೇನೂ ಅವಸರವಿಲ್ಲ.

ಒಳಗೆ ಕಿಟಕಿ ಬಡಿಯುತ್ತಲೇ ಇತ್ತು.
ಹೋಗಿ ನಿಘಂಟನ್ನು
ಮತ್ತೆ ಅದರ ಜಾಗದಲ್ಲಿ ಒತ್ತಿಟ್ಟಳು.