ಅರವತ್ತು ಸಾಲು

ಯಂತ್ರದಿಂದ ಇಳಿಸಿದ ಕೂಡಲೇ ಅಳೆಯಬೇಡ, ಪಿರೆಟ್.
ಈಗ ಅದು ಸುಳ್ಳು ಹೇಳುತ್ತದೆ.
ಇಷ್ಟು ಹೊತ್ತು ಅಂಚಿಗೆ ಕಬ್ಬಿಣದ ಬಟ್ಟು ಕಟ್ಟಿಸಿಕೊಂಡು
ನೇತಾಡಿದ ಜೀವ,
ಕೇಳಿದರೆ ಹದಿನಾರೂಕಾಲು ಅನ್ನುತ್ತದೆ.
ನಂಬಿ ಹೆಣೆದರೆ ಸ್ವೆಟರು
ಸೊಂಟ ಮುಟ್ಟದೆ ಮೂರು ಬೆರಳು ಮೇಲೆ ನಿಲ್ಲುತ್ತದೆ.

ಉಗುರುಬೆಚ್ಚಗಿನ ನೀರು, ಒಂದು ಚಮಚ ಸೋಪು.
ಗಿರಣಿಯವರು ಉಣ್ಣೆಗೆ ಹಚ್ಚಿದ ಎಣ್ಣೆ ಬಿಡಬೇಕು.
ಹಿಂಡಬೇಡ. ಟವೆಲಿನಲ್ಲಿ ಸುತ್ತಿ
ಅದರ ಮೇಲೆ ನಿಂತುಕೋ, ಸಾಕು.
ಆಮೇಲೆ ಮೇಜಿನ ಮೇಲೆ ಹರಡಿ
ಒಂದು ರಾತ್ರಿ ಅದರ ಪಾಡಿಗೆ ಬಿಡು.

ಅವಳಿಗೆ ಹದಿಮೂರು. ಹಿಯುಮಾ ದ್ವೀಪದಲ್ಲಿ ಜೂನು.
ಹನ್ನೊಂದಕ್ಕೂ ಕಿಟಕಿಯಾಚೆ
ಜುನಿಪರ್ ಪೊದೆಯ ಮುಳ್ಳು ಒಂದೊಂದೂ ಕಾಣುತ್ತದೆ.
"ರಾತ್ರಿಯೇ ಇಲ್ಲವಲ್ಲ, ಉರ್ವೆ ಅಜ್ಜಿ?"
ಇಲ್ಲದಿದ್ದರೂ ಕಾಯಬೇಕು ಅಂದೆ.

ಬೆಳಿಗ್ಗೆ ಟೇಪು ಅವಳ ಕೈಗೆ ಕೊಟ್ಟೆ.
ಕೆಂಪು ನೂಲಿನ ಎರಡು ಗೆರೆ, ನಡುವೆ ಬೂದು ಬಣ್ಣದ ಅರವತ್ತು ಸಾಲು:
ಹದಿನೈದು ಸೆಂಟಿಮೀಟರು.
ಅಡ್ಡಕ್ಕೆ ನಲವತ್ತು ಕುಣಿಕೆ:
ಹದಿನಾಲ್ಕು, ಮತ್ತೊಂದಿಷ್ಟು.
"ಮತ್ತೊಂದಿಷ್ಟು ಬಿಡಲೇ?"
ಇಲ್ಲಿ ಬಿಟ್ಟ ಕೂದಲೆಳೆ
ಎದೆಯಗಲ ದಾಟುವಷ್ಟರಲ್ಲಿ ಬೆರಳಗಲ ಆಗಿರುತ್ತದೆ, ಮಗೂ.

ಇಷ್ಟಕ್ಕೂ ಈ ನೂಲಿನ ಮಾದರಿ ತುಂಡು
ಬಿಸ್ಕತ್ತಿನ ಡಬ್ಬಿಯಲ್ಲಿ ಆಗಲೇ ಇತ್ತು.
ಯಾರೂ ತೊಡದ ಚೌಕಗಳು ಆ ಡಬ್ಬಿಯ ತುಂಬ.
ಅಂಚೆಯ ಸಾಲ್ಮೆ, ಡಯಲ್ ಆರು, ಎರಡು ಚುಕ್ಕಿ.
ದೀಪಸ್ತಂಭದ ಕಾವಲಿನವನು, ಎಡಭುಜ ತಗ್ಗು.
ಪಾದ್ರಿ, ಕತ್ತು ಇಲ್ಲವೇ ಇಲ್ಲ.
ಕೆಳಗೆ, ನುಸಿಗುಳಿಗೆಯ ಪಕ್ಕ,
ಕಾಲ್ಯು. ಎದೆ ನೂರಾನಾಲ್ಕು. ತೋಳು ನಲವತ್ತೆಂಟು.

ಎರಡು ಬೇಸಿಗೆ ಅಂತ ಹೇಳಿ
ಟುರ್ಕುವಿಗೆ ಕಾಂಕ್ರೀಟು ಸುರಿಯಲು ಹೋದವನು.
ಒಂಬತ್ತು ಆಯಿತು.
ನಾನೂ ಅಳೆದೂ ಸುರಿದೂ
ಮೊದಲ ಸಾಲು ಹಾಕಲೇ ಇಲ್ಲ.

ಡಯಲ್ ಅದೇ, ನೂಲೂ ಅದೇ.
ಸೂಜಿ ಒತ್ತಿಹಿಡಿಯುವ ಸ್ಪಂಜಿನ ಪಟ್ಟಿ ಸವೆದಿದೆ,
ನನ್ನ ಮಣಿಕಟ್ಟು ಕೂಡ.
ಅದಕ್ಕೇ ಹೊಸತಾಗಿ ಹೆಣೆಸಿದ್ದು.
ಎರಡೂ ತುಂಡು ಪಕ್ಕಪಕ್ಕ ಇಟ್ಟೆ.
ಹದಿನೈದು.
ಹದಿನೈದು.

ಹೋದ ಬುಧವಾರದ ಹಡಗಿನಲ್ಲಿ ಬಂದ.
ಒಂದು ಚೀಲ, ಒಂದು ಕಾಫಿ ಯಂತ್ರ.
ಬಂದ ದಿನ ಅಳೆಯಲಿಲ್ಲ.
ಮರುದಿನವೂ ಇಲ್ಲ.
ಬೆಂಚಿನ ಮೇಲೆ ಮಲಗಿದ, ಆಲೂಗಡ್ಡೆ ತಿಂದ,
ಬೇಲಿಯ ಒಂದು ಗೂಟ ಸರಿಮಾಡಿ ಇನ್ನೊಂದನ್ನು ಬಿಟ್ಟ.
ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.
ಐದನೆಯ ದಿನ ಟೇಪು ಹಿಡಿದು ನಿಂತೆ.
ಹೊಟ್ಟೆ ಎಳೆದುಕೊಂಡ.
ಬಿಡು, ಅಂದೆ. ಉಸಿರು ಬಿಡು.

ನೂರಾಹನ್ನೆರಡು.
ಮುಂದೆ ಹನ್ನೊಂದು ಕುಣಿಕೆ ಹೆಚ್ಚು, ಹಿಂದೆ ಹನ್ನೊಂದು.
ತೋಳು ಮಾತ್ರ ಅಷ್ಟೇ:
ನಲವತ್ತೆಂಟನ್ನು ನಾಲ್ಕರಿಂದ ಗುಣಿಸಿದರೆ
ನೂರಾತೊಂಬತ್ತೆರಡು ಸಾಲು.
ಅರವತ್ತು ಕುಣಿಕೆಯಿಂದ ನೂರಾಹತ್ತಕ್ಕೆ ಏರಬೇಕು,
ಪ್ರತಿ ಏಳನೆಯ ಸಾಲಿಗೆ ಆಚೆ ಒಂದು ಈಚೆ ಒಂದು,
ಇಪ್ಪತ್ತೈದು ಸಲ.
ಉಳಿದ ಹದಿನೇಳು ಏರದೆ ಇಳಿಯದೆ ನೆಟ್ಟಗೆ.
ಪಿರೆಟ್ ಹಳೆಯ ವಿದ್ಯುತ್ ಬಿಲ್ಲಿನ ಬೆನ್ನಿಗೆ ಬರೆದುಕೊಂಡಳು.

ಕೌಂಟರು ಸೊನ್ನೆಗೆ ತಿರುಗಿಸಿದಳು.
ಗಾಡಿ ಹಲ್ಲು ಕಡಿಯುತ್ತ ಆ ತುದಿಗೆ ಹೋಯಿತು,
ಈ ತುದಿಗೆ ಬಂತು.
ಒಳಗಿನಿಂದ ಅವನು,
"ಎಷ್ಟಾಯಿತು?"
ಹನ್ನೊಂದು, ಅಂದಳು ಹುಡುಗಿ.
ಕೌಂಟರು ಹನ್ನೆರಡು ತೋರಿಸುತ್ತಿತ್ತು.
ನಡುವೆ ಬಾಯಿ ಹಾಕಬೇಡ ಅಂತ
ಒಂಬತ್ತು ವರ್ಷದ ಮೇಲೆ ಮೊದಲ ಸಲ
ಅವನನ್ನು ಗದರಿಸಿದೆ.